ಅರವತ್ತು ತುಂಬುವವರೆಗೂ ಅತಿಥಿ

ಧಾರವಾಡದ ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿದರೆ ‘ಗೆಸ್ಟ್’ ಎಂಬ ಇಂಗ್ಲಿಷ್ ಪದ ಹತ್ತಾರು ಕಡೆ ಕಣ್ಣಿಗೆ ಬೀಳುತ್ತದೆ. ಕರೆಂಟ್ ಕಂಬ, ಕಾಂಪೌಂಡ್ ಗೋಡೆ, ಝೆರಾಕ್ಸ್ ಅಂಗಡಿಯ ಬಾಗಿಲು, ಎಲ್ಲೆಲ್ಲೂ ‘ಪೇಯಿಂಗ್ ಗೆಸ್ಟ್’ ಚೀಟಿಗಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ನಮ್ಮಂಥವರ ಬಾಯಲ್ಲಿ ಅದು ಬರೀ ‘ಪಿಜಿ’. ಕಾಟಿಗೆ ಇಷ್ಟು, ಊಟಕ್ಕೆ ಇಷ್ಟು ಎಂದು ಮುಂಗಡ ಎಣಿಸಿಕೊಟ್ಟು ಒಳಗೆ ಹೋದವರನ್ನು ಅತಿಥಿ ಎನ್ನುವುದು ತಮಾಷೆಯೇ ಸರಿ. ನಮ್ಮ ಕಡೆ ಮನೆಗೆ ಬೀಗರು ಬಂದರೆ ಚಹಾದ ದುಡ್ಡು ಕೇಳುವವರುಂಟೇ? ಬಾಡಿಗೆಗೆ ಇರುವವನು ಎನ್ನಲು ಮುಜುಗರಪಟ್ಟ ಇಂಗ್ಲಿಷರ ನಯವಾದ ಮಾತದು. ಅದರಿಂದ ಯಾರಿಗೂ ನಷ್ಟವಿಲ್ಲ, ಬಿಡಿ.

ಅದೇ ಪದ ಕಾಲೇಜಿನ ಸ್ಟಾಫ್ ರೂಮಿಗೆ ಹೋದಾಗ ಮಾತ್ರ ನಷ್ಟವಿದೆ. ಅಲ್ಲಿ ಅದು ‘ಗೆಸ್ಟ್ ಲೆಕ್ಚರರ್’, ಕನ್ನಡದಲ್ಲಿ ಅತಿಥಿ ಉಪನ್ಯಾಸಕ. ಆ ಹೆಸರು ನಿಜಕ್ಕೂ ಒಪ್ಪುವುದು ಪರಊರಿನಿಂದ ಬಂದು, ಒಂದು ಉಪನ್ಯಾಸ ಕೊಟ್ಟು, ಶಾಲು ಹೊದೆಸಿಕೊಂಡು ಸಂಜೆಯ ರೈಲು ಹತ್ತುವ ವಿದ್ವಾಂಸರಿಗೆ. ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ‘ಅತಿಥಿ’ಗಳು ವರ್ಷಪೂರ್ತಿ ಪಾಠ ಮಾಡುತ್ತಾರೆ, ಇಂಟರ್ನಲ್ ಅಂಕ ಹಾಕುತ್ತಾರೆ, ಪರೀಕ್ಷಾ ಕೊಠಡಿ ಕಾಯುತ್ತಾರೆ. 2023ರ ಮುಷ್ಕರದ ಹೊತ್ತಿಗೆ ರಾಜ್ಯದಲ್ಲಿ ಇಂಥವರು ಹತ್ತು ಸಾವಿರಕ್ಕೂ ಹೆಚ್ಚಿದ್ದರು. ಮನೆಮಂದಿಯಷ್ಟೇ ಅತಿಥಿಗಳಿರುವ ಮನೆ ಎಂಥದ್ದು?

ಈ ಪದದ ಮೂಲ ಹುಡುಕುತ್ತ ಹೋದರೆ ಇನ್ನೊಂದು ಸಂಗತಿ ಸಿಗುತ್ತದೆ. ಭಾಷಾಶಾಸ್ತ್ರಜ್ಞರು ‘ಗೆಸ್ಟ್’ ಅನ್ನು ‘ಘೋಸ್ತಿ’ ಎಂಬ ಇಂಡೋ-ಯುರೋಪಿಯನ್ ಮೂಲರೂಪಕ್ಕೆ ಒಯ್ಯುತ್ತಾರೆ. ಅದರ ಅರ್ಥ ಅಪರಿಚಿತ. ಆದರೆ ಬರೀ ಅಪರಿಚಿತನಲ್ಲ, ಪರಸ್ಪರ ಕೊಡುಕೊಳ್ಳುವ ಕಟ್ಟಳೆಗೆ ಒಳಪಟ್ಟವನು. ಇವತ್ತು ನಾನು ನಿನಗೆ ಜಾಗ ಕೊಟ್ಟರೆ ನಾಳೆ ನೀನು ನನಗೆ ಕೊಡಬೇಕು. ಹಾಗಾಗಿ ಆ ಒಂದೇ ಮಾತು ಬಂದವನಿಗೂ ಬರಮಾಡಿಕೊಂಡವನಿಗೂ ಸಲ್ಲುತ್ತಿತ್ತು. ಅದೇ ಬೇರಿನಿಂದ ಲ್ಯಾಟಿನ್ ಮೂಲಕ ಹೋಸ್ಟ್, ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್ ಬಂದವು. ವೈರಭಾವ ಎನ್ನಲು ಬಳಸುವ ‘ಹಾಸ್ಟೈಲ್’ ಕೂಡ ಅಲ್ಲಿಂದಲೇ ಬಂದದ್ದು. ಲ್ಯಾಟಿನ್ನಿನ ‘ಹಾಸ್ಟಿಸ್’ ಮೊದಲು ಪರಕೀಯ, ಆಮೇಲೆ ಶತ್ರು.

ನಮ್ಮ ‘ಅತಿಥಿ’ಯೂ ಕಡಿಮೆಯೇನಲ್ಲ. ಒಂದೇ ರಾತ್ರಿ ತಂಗುವವನು, ನಿತ್ಯ ಇರದವನು, ಅದಕ್ಕೇ ಅತಿಥಿ ಎಂದು ಮನುಸ್ಮೃತಿ ವಿವರಿಸುತ್ತದೆ. ತೈತ್ತಿರೀಯ ಉಪನಿಷತ್ತಿನಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಬುದ್ಧಿಮಾತು ಹೇಳುವಾಗ ದೇವರೆಂದು ಕಾಣಬೇಕಾದ ನಾಲ್ವರನ್ನು ಹೆಸರಿಸುತ್ತಾನೆ: ತಾಯಿ, ತಂದೆ, ಆಚಾರ್ಯ, ಅತಿಥಿ. ಕೊನೆಯ ಎರಡೂ ಒಬ್ಬರಲ್ಲೇ ಕೂಡಿಬಂದದ್ದು ನಮ್ಮ ಉನ್ನತ ಶಿಕ್ಷಣ ಇಲಾಖೆಯಲ್ಲಿ!

ಇಲಾಖೆ ಈ ಹೆಸರಿನಿಂದ ಆರಿಸಿಕೊಂಡದ್ದು ‘ನಿತ್ಯ ಇರದವನು’ ಎಂಬ ಒಂದೇ ಅರ್ಥವನ್ನು. ಬರಮಾಡಿಕೊಂಡವನ ಕರ್ತವ್ಯವನ್ನು ಕೈಬಿಟ್ಟಿತು. 2022ರ ಜನವರಿಯವರೆಗೆ ತಿಂಗಳಿಗೆ 11 ಸಾವಿರ, ಯುಜಿಸಿ ಅರ್ಹತೆ ಇದ್ದವರಿಗೆ 13 ಸಾವಿರ ರೂಪಾಯಿ. ಆಗ ಅದನ್ನು 26 ಸಾವಿರದಿಂದ 32 ಸಾವಿರದವರೆಗೆ ಏರಿಸಿದರು. ಜೊತೆಗೆ ಪಾಠದ ಅವಧಿಯನ್ನೂ ವಾರಕ್ಕೆ 15 ಗಂಟೆಗೆ ಏರಿಸಿದ್ದರಿಂದ ಇದ್ದ ಕೆಲಸ ಕಡಿಮೆ ಜನರಿಗೆ ಹಂಚಿಹೋಗಿ ಸಾವಿರಾರು ಮಂದಿ ಹೊರಬಿದ್ದರು. 2023ರ ನವೆಂಬರಿನಲ್ಲಿ ತರಗತಿ ಬಹಿಷ್ಕರಿಸಿ ಬೀದಿಗಿಳಿದವರು ಕೇಳಿದ್ದು ಕಾಯಮಾತಿ. ಸಿಕ್ಕಿದ್ದು ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರದ ಹೆಚ್ಚಳ, ಮತ್ತು 60 ವರ್ಷ ತುಂಬಿದವರಿಗೆ ಗರಿಷ್ಠ 5 ಲಕ್ಷ ರೂಪಾಯಿ ಇಡುಗಂಟಿನ ಭರವಸೆ. ಅತಿಥಿಗೆ ನಿವೃತ್ತಿಯ ವಯಸ್ಸು! ಇಡುಗಂಟು ಬೇಡವೆಂದಲ್ಲ. ಆದರೆ ಅರವತ್ತರವರೆಗೆ ಇರುತ್ತಾರೆಂದು ಸರ್ಕಾರವೇ ಲೆಕ್ಕ ಹಾಕಿದ ಮೇಲೆ ಅವರನ್ನು ಬಂದುಹೋಗುವವರು ಎನ್ನುವುದು ಹೇಗೆ?

ಜರ್ಮನಿಯೂ ಇದೇ ಪದ ಹಿಡಿದು ಎಡವಿತ್ತು. 1961ರಲ್ಲಿ ಒಪ್ಪಂದ ಮಾಡಿಕೊಂಡು ಟರ್ಕಿಯಿಂದ ಕರೆಸಿಕೊಂಡ ಕೂಲಿಗಳನ್ನು ಅವರು ‘ಅತಿಥಿ ಕಾರ್ಮಿಕರು’ ಎಂದರು. ಕೆಲಸ ಮುಗಿಸಿ ಮರಳುತ್ತಾರೆಂಬ ಎಣಿಕೆ. ಅನೇಕರು ಅಲ್ಲೇ ನೆಲೆಸಿ, ಮಕ್ಕಳು ಮೊಮ್ಮಕ್ಕಳನ್ನು ಕಂಡರು.

ವಿದ್ಯಾರ್ಥಿಗಳಿಗೆ ಇದರಿಂದ ಏನಾಗುತ್ತದೆ? ಸೆಮಿಸ್ಟರ್ ಶುರುವಾಗಿ ವಾರಗಳಾದರೂ ಅತಿಥಿಗಳ ಆಯ್ಕೆ ಮುಗಿದಿರುವುದಿಲ್ಲ. ವೇಳಾಪಟ್ಟಿಯಲ್ಲಿ ವಿಷಯ ಇರುತ್ತದೆ, ಹೇಳುವವರು ಇರುವುದಿಲ್ಲ. ಎಷ್ಟು ಗಂಟೆಯ ಪಾಠಕ್ಕೆ ಜನ ಬೇಕೆಂದು ಕಾಲೇಜಿಗೆ ಮೊದಲೇ ಗೊತ್ತಿರುವಾಗ ಇದಕ್ಕೆ ನೆಪವಿಲ್ಲ. ಇನ್ನು ನೆಟ್, ಕೆ-ಸೆಟ್‌ಗೆ ಓದುತ್ತಿರುವ ನನ್ನ ಗೆಳೆಯರು ಹೋಗಿ ನಿಲ್ಲುವುದೂ ಇದೇ ಸಾಲಿನಲ್ಲಿ. ಸಹಾಯಕ ಪ್ರಾಧ್ಯಾಪಕರ 1,242 ಹುದ್ದೆಗೆ 2021ರಲ್ಲಿ ಅಧಿಸೂಚನೆ ಬಂತು, 2022ರ ಮಾರ್ಚಿನಲ್ಲಿ ಪರೀಕ್ಷೆ ಆಯಿತು. ಕರೆದ ಕಾಯಂ ಹುದ್ದೆ ಅಷ್ಟು, ಅತಿಥಿಗಳು ಹತ್ತು ಸಾವಿರ.

ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಿಂಗಳಿಗೆ 30 ಸಾವಿರಕ್ಕೆ ದುಡಿಯುತ್ತಿದ್ದ ಅವರಿಗೆ ಹುದ್ದೆಯ ಕನಿಷ್ಠ ವೇತನವನ್ನಾದರೂ ಕೊಡಬೇಕೆಂದಿತು. ಸಮಾರಂಭಗಳಲ್ಲಿ ಗುರುವನ್ನು ಹೊಗಳುವ ಶ್ಲೋಕ ಹೇಳಿದರೆ ಸಾಲದು ಎಂಬರ್ಥದ ಮಾತನ್ನೂ ಆಡಿತು. ಅಲ್ಲಿಯವರು ಕಡೇಪಕ್ಷ ಗುತ್ತಿಗೆಯವರು ಅನ್ನಿಸಿಕೊಂಡಿದ್ದರು. ನಮ್ಮವರು ಅದೇ ದಾರಿ ಹಿಡಿದರೆ ಎದುರಾಗುವ ಮೊದಲ ವಾದ ಬಹುಶಃ ಅವರ ಹೆಸರೇ: ನೀವು ನೌಕರರಲ್ಲ, ಅತಿಥಿಗಳು.