ನೂರಕ್ಕೆ ಎರಡರ ಹೊಣೆಗಾರಿಕೆ

2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಶಾಲೆಗೆ ಕೊಠಡಿ, ಆಸ್ಪತ್ರೆಗೆ ಯಂತ್ರ, ಊರಿಗೆ ಕುಡಿಯುವ ನೀರಿನ ಘಟಕ ಇದರಿಂದ ಬಂದಿರುವುದುಂಟು. ಬಂದದ್ದನ್ನು ಬೇಡವೆನ್ನುವ ಜನ ನಾವಲ್ಲ. ಆದರೆ ಬೆಳೆಗಾರ ಬಂಧುಗಳು ಈ ಕಾನೂನಿನ ಒಂದು ಮಾತನ್ನು ಗಮನಿಸಬೇಕು.

ಕಂಪನಿಯು ತನ್ನ ಎಂದಿನ ವ್ಯವಹಾರದ ಅಂಗವಾಗಿ ಮಾಡುವ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲವೆಂದು ನಿಯಮಗಳಲ್ಲಿದೆ. ಅಂದರೆ ಕಾಫಿಪುಡಿ ಮಾರುವ ಕಂಪನಿ ಬೆಳೆಗಾರನಿಗೆ ಮೂಟೆಗೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಅದು ಹೊಣೆಗಾರಿಕೆಯಲ್ಲ, ಬರಿಯ ಖರೀದಿ. ಕಡಿಮೆಗೆ ಕೊಂಡು, ಉಳಿದ ಲಾಭದಲ್ಲಿ ಅದೇ ಬೆಳೆಗಾರನ ಮಗ ಓದುವ ಶಾಲೆಗೆ ಬಣ್ಣ ಬಳಿಸಿ ಗೋಡೆಯ ಮೇಲೆ ಹೆಸರು ಬರೆಸಿದರೆ ಅದು ಹೊಣೆಗಾರಿಕೆ. ಲೆಕ್ಕಪತ್ರದವರಿಗೆ ಇದು ಸರಿಯೆನಿಸಬಹುದು. ಲಾಭ ಹೇಗೆ ಬಂತೆಂಬುದನ್ನು ಮಾತ್ರ 135ನೆಯ ಕಲಮು ಕೇಳುವುದಿಲ್ಲ.

ತೋಟದ ಕಡೆ ನೋಡೋಣ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟು ಮಂದಿ 10 ಹೆಕ್ಟೇರಿನೊಳಗಿನ ಹಿಡುವಳಿಯವರು. ಹಲಸು, ಅತ್ತಿ, ನಂದಿ ಮರಗಳ ನೆರಳನ್ನು ಉಳಿಸಿಕೊಂಡು, ವರ್ಷ ವರ್ಷವೂ ಮರಗಸಿಯ ಕೂಲಿ ತೆರುವವರು ಇವರೇ. ಪಲ್ಪಿಂಗ್ ಮಾಡಿದ ನೀರು ಹಳ್ಳ ಸೇರದಂತೆ ಗುಂಡಿ ತೋಡುವ ಖರ್ಚೂ ಇವರದೇ. (ಎಲ್ಲರೂ ತೋಡಿಲ್ಲವೆಂಬುದು ಕೊಯ್ಲಿನ ಕಾಲದಲ್ಲಿ ಹಳ್ಳದ ಬದಿ ನಡೆದವರಿಗೆ ಗೊತ್ತು.) ಕಾವೇರಿ, ಹೇಮಾವತಿ, ಭದ್ರೆಯ ನೀರನ್ನು ನಂಬಿದ ಪೇಟೆಗಳು ಈ ನೆರಳಿಗೆ ಬೆಲೆ ಕಟ್ಟಿಲ್ಲ. ಸಿಲ್ವರ್ ಓಕ್ ನೆಟ್ಟವನನ್ನು ಬೈಯುವುದು ಸುಲಭ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಷ್ಟಕಾಲಕ್ಕೆ ಮಾರಬಹುದು. ಕಾಡುಮರ ಉಳಿಸಿದವನಿಗೆ ಸಿಕ್ಕುವುದು ಹೊಗಳಿಕೆ. ಹೊಗಳಿಕೆಯಿಂದ ಕೂಲಿ ಬಟವಾಡೆ ಆಗುವುದಿಲ್ಲ.

ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಜಾರಿಯ ದಿನವನ್ನು ಮುಂದೂಡಿದ್ದಾರೆ, ಅಷ್ಟೆ. ಹೊಣೆ ಆಮದುದಾರನ ಮೇಲಿದ್ದರೂ, ಜಮೀನಿನ ಅಕ್ಷಾಂಶ ರೇಖಾಂಶ ಸಮೇತ ಪುರಾವೆ ಒದಗಿಸುವ ಕೆಲಸ ಕೊನೆಗೆ ಬಂದು ನಿಲ್ಲುವುದು ಎರಡೆಕರೆಯವನ ಅಂಗಳದಲ್ಲಿ. ನಿಯಮದ ಉದ್ದೇಶ ಒಳ್ಳೆಯದೇ. ಕಾಗದಪತ್ರದ ಖರ್ಚು ಯಾರದೆಂಬುದೇ ನಮ್ಮ ತಕರಾರು.

1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಕಟ್ಟಿದಾಗ ವ್ಯಾಪಾರಿಗಳ ಔದಾರ್ಯಕ್ಕಾಗಿ ಕಾಯಲಿಲ್ಲ. ತಮ್ಮ ಸಂಸ್ಥೆಯನ್ನೇ ಖರೀದಿಗೆ ಇಳಿಸಿ ಧಾರಣೆಗೆ ಆಸರೆ ಕೊಟ್ಟರು. ಕಾಫಿಯಲ್ಲೂ ಸಹಕಾರ ಸಂಘಗಳು ಒಟ್ಟಾಗಿ ಎರಡು ಬೇಡಿಕೆ ಇಡಬೇಕು. ನೆರಳಿನಡಿ ಬೆಳೆದ ಕಾಫಿಗೆ ಇಂತಿಷ್ಟು ಹೆಚ್ಚು ದರವೆಂದು ಖರೀದಿ ಕರಾರಿನಲ್ಲೇ ಬರೆಯಬೇಕು, ನಕ್ಷೆ ಮತ್ತು ತಪಾಸಣೆಯ ಖರ್ಚನ್ನು ಕೊಳ್ಳುವವರೇ ಭರಿಸಬೇಕು. ಆ ನೂರಕ್ಕೆ ಎರಡರ ಹಣವನ್ನೂ ಬಿಡಬೇಕಾಗಿಲ್ಲ. ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಮಣ್ಣು ಮತ್ತು ನೀರಿನ ಗುಣ ಕಾಪಾಡುವ ಕೆಲಸವೂ ಇದೆ. ಶಾಲೆಯ ಗೋಡೆಗೆ ಬಣ್ಣ ಬಳಿಸಲು ಬರುವವರಿಗೆ ಪಲ್ಪಿಂಗ್ ನೀರು ಹರಿಯುವ ಹಳ್ಳವನ್ನೂ ತೋರಿಸೋಣ.