ಡ್ಯಾಮಿನ ನೀರಿಗೆ ಇನ್ನೊಂದು ಲೆಕ್ಕ ಬೇಕು

ಮಳೆಗಾಲ ಹಿಡಿಯಿತೆಂದರೆ ಹೊಸಪೇಟೆ, ಕಂಪ್ಲಿ ಕಡೆಯವರು ಪೇಪರಿನಲ್ಲಿ ಮೊದಲು ಹುಡುಕುವುದು ತುಂಗಭದ್ರಾ ಡ್ಯಾಮಿನ ಮಟ್ಟ. ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, 1633 ಅಡಿಗೆ ಇನ್ನೆಷ್ಟು ಬಾಕಿ? ಭತ್ತದ ರೈತರಿಗೆ ಈ ಅಂಕಿಗಳು ಬಾಯಿಪಾಠ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದದ್ದೂ ಎಲ್ಲರಿಗೂ ಗೊತ್ತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಮೂರು ರಾಜ್ಯಗಳ ಜನ ವಾರವಿಡೀ ಟಿಎಂಸಿ ಎಣಿಸುತ್ತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ನೀರು ಎಷ್ಟಿದೆ ಎಂಬುದರಲ್ಲಿ ನಾವು ಇಷ್ಟು ಕರಾರುವಾಕ್ಕು. ಆ ನೀರು ಹೇಗಿದೆ, ಅದರೊಳಗಿನ ಜೀವ ಹೇಗಿದೆ ಎಂಬ ಲೆಕ್ಕ ಮಾತ್ರ ಅದೇ ಪುಟದಲ್ಲಿ ಅಚ್ಚಾಗುವುದಿಲ್ಲ. ಅಚ್ಚಾಗಬೇಕು ಎಂಬುದೇ ಈ ವಾರದ ನನ್ನ ಒತ್ತಾಯ.

ಇತ್ತೀಚಿನ ವರ್ಷಗಳಲ್ಲಿ ಜಲಾಶಯದ ನೀರು ಹಸಿರಾಗುವುದು ಮತ್ತೆ ಮತ್ತೆ ಸುದ್ದಿಯಾಗುತ್ತಿದೆ. ಅಂಥ ದಿನ ದಡದಲ್ಲಿ ಒಂದು ಬೊಗಸೆ ನೀರೆತ್ತಿದರೆ ಬೆರಳ ಸಂದಿಯಲ್ಲಿ ಹಸಿರು ನುಚ್ಚು ಅಂಟಿಕೊಳ್ಳುತ್ತದೆ. ಅದು ಪಾಚಿ. ಮೇಲಿನ ಜಿಲ್ಲೆಗಳ ಹೊಲಗದ್ದೆಗಳಿಂದ ತೊಳೆದು ಬಂದ ಗೊಬ್ಬರ, ಊರುಗಳ ಕೊಳಚೆ, ಇವುಗಳಲ್ಲಿರುವ ಸಾರಜನಕ ಮತ್ತು ರಂಜಕ ನಿಂತ ನೀರಿನಲ್ಲಿ ಬಿಸಿಲು ಕಂಡರೆ ಪಾಚಿ ಹಬ್ಬದೇ ಇರುವುದಿಲ್ಲ. ಹಗಲಲ್ಲಿ ಅದು ನೀರಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತದೆ. ಹಾಗಾಗಿ ನೀರು ಬಡವಾಗುವುದು ಬೆಳಗಿನ ಜಾವಕ್ಕೆ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಮೀನಿಗೆ ನೆಮ್ಮದಿ. 2ಕ್ಕಿಂತ ಕೆಳಗಿಳಿದರೆ ಬಹುಪಾಲು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಸಾಯತೊಡಗುತ್ತವೆ. ನಡುಮಧ್ಯಾಹ್ನ ಜೀಪಿನಲ್ಲಿ ಬಂದು ಬಾಟಲಿ ತುಂಬಿಕೊಂಡು ಹೋದರೆ ಇದು ಗೊತ್ತಾಗುವುದೇ ಇಲ್ಲ. ನಸುಕಿಗೆ ಬಲೆ ಎತ್ತುವವರಿಗೆ ಗೊತ್ತಾಗುತ್ತದೆ. ಇನ್ನೊಂದು ಮಾತು: ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಕೆಡುಕು ಮಾಡುವ ವಿಷ ಬಿಡುತ್ತವೆ, ಅದು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ‘ಗಾಬರಿ ಬೇಡ’ ಎಂಬ ಬಾಯಿಮಾತು ಸಾಲದು. ಯಾವ ಪಾಚಿ, ಎಷ್ಟು, ಯಾವ ದಿನ ಯಾವ ಜಾಗದಲ್ಲಿ ನೋಡಿದ್ದು ಎಂಬುದು ಜನರ ಕೈಗೆ ಸಿಗಬೇಕು.

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕಿಲ್ಲ. 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳುಪಿನ ತಟ್ಟೆಯೊಂದಕ್ಕೆ ಅಳತೆ ಗುರುತಿಸಿದ ಹಗ್ಗ ಕಟ್ಟಿ ಹರಿಗೋಲಿನ ಅಂಚಿನಿಂದ ನಿಧಾನಕ್ಕೆ ಇಳಿಬಿಡಬೇಕು. ತಟ್ಟೆ ಕಣ್ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಹೂಳಿದ್ದರೂ ಪಾಚಿಯಿದ್ದರೂ ಅದು ಬೇಗ ಮಾಯವಾಗುತ್ತದೆ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಏಂಜೆಲೊ ಸೆಕ್ಕಿ ಸಮುದ್ರದಲ್ಲಿ ಪರೀಕ್ಷಿಸಿದ ಉಪಾಯವಿದು, ಇವತ್ತಿಗೂ ಜಗತ್ತಿನ ಸರೋವರಗಳಲ್ಲಿ ಬಳಕೆಯಲ್ಲಿದೆ. ಆಮ್ಲಜನಕ ಅಳೆಯುವ ಮೀಟರು ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು.

ನಮ್ಮ ನದಿಯಲ್ಲಿ ಇಂಥ ಕೆಲಸ ಹಿಂದೆ ಆಗಿದೆ, ಚೆನ್ನಾಗಿಯೇ ಆಗಿದೆ. ಭದ್ರಾವತಿಯ ಕಾರ್ಖಾನೆಗಳ ತ್ಯಾಜ್ಯ ಭದ್ರಾ ನದಿಯ ಮೀನುಗಾರಿಕೆಗೆ ಏನು ಮಾಡುತ್ತಿದೆ ಎಂದು ಎ. ಡೇವಿಡ್ ಎಂಬ ವಿಜ್ಞಾನಿ 1956ರಲ್ಲೇ ಬರೆದಿದ್ದರು. ಅವರೂ ನಾಲ್ವರು ಸಹೋದ್ಯೋಗಿಗಳೂ ಸೇರಿ ತುಂಗಭದ್ರಾ ಜಲಾಶಯದ ನೀರು ಮತ್ತು ಮೀನುಗಾರಿಕೆಯ ಬಗ್ಗೆ ಸಿದ್ಧಪಡಿಸಿದ ವಿಸ್ತಾರವಾದ ವರದಿಯನ್ನು ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ 1969ರಲ್ಲಿ ಹೊರತಂದಿತು. ಡ್ಯಾಮಿಗೆ ಆಗಿನ್ನೂ ಚಿಕ್ಕ ವಯಸ್ಸು. ಅಂದಿನ ನೀರು ಹೇಗಿತ್ತು, ಯಾವ ಮೀನಿತ್ತು ಎಂಬ ಆಧಾರ ನಮ್ಮ ಕೈಯಲ್ಲಿರುವುದು ಅವರಿಂದ. ಹೋಲಿಸಿ ನೋಡಲು ಇಂದಿನ ಅಂಕಿಗಳೂ ಅಷ್ಟೇ ಶ್ರದ್ಧೆಯಿಂದ, ವರ್ಷಾನುಗಟ್ಟಲೆ, ಬಿಡದೆ ಸಿಗಬೇಕು.

ಆಗ ಇಲ್ಲಿ ಹರಗಿ ಎಂಬ ಮೀನು ಹೆಸರಾಗಿತ್ತು. ನೀರೊಳಗಿನ ಹುಲ್ಲು ಮೇಯುವ, ನಮ್ಮದೇ ನೆಲದ ದೊಡ್ಡ ಮೀನು. ಚೀನಾದ ಹುಲ್ಲುಗೆಂಡೆ ತಂದು ಬಿಟ್ಟ ನಾವು ಅದೇ ಕೆಲಸ ಮಾಡುತ್ತಿದ್ದ ಸ್ವಂತ ಮೀನನ್ನು ಕಳೆದುಕೊಳ್ಳುವ ಹಂತಕ್ಕೆ ಬಂದೆವು. ಹೆಸರಘಟ್ಟದ ಸಂಶೋಧನಾ ಕೇಂದ್ರದಲ್ಲಿ ಅದರ ಮರಿ ಮಾಡಿಸುವ ಪ್ರಯತ್ನ ನಡೆದದ್ದು ಸಮಾಧಾನದ ಸಂಗತಿ. ಆದರೆ ಬಿಟ್ಟ ಮರಿ ಬದುಕಲು ನೀರು ಸರಿಯಿರಬೇಕು, ಬಲೆಯ ಕಣ್ಣೂ ಸರಿಯಿರಬೇಕು. ಹಿನ್ನೀರಿನಲ್ಲಿ ಅಲಿವಿ ಬಲೆ ಎಳೆದರೆ ದೊಡ್ಡದು ಚಿಕ್ಕದು ಎನ್ನದೆ ದಡಕ್ಕೆ ಬರುತ್ತದೆ. ಬೆರಳುದ್ದದ ಮರಿಗಳು ಮರಳಿನ ಮೇಲೆ ಒಣಗುತ್ತವೆ. ಬಿತ್ತಿದ ಮೊಳಕೆಯನ್ನೇ ಕಿತ್ತು ಮಾರಿದಂತೆ ಇದು. ಬಡ ಮೀನುಗಾರನನ್ನು ಬೈದು ಪ್ರಯೋಜನವಿಲ್ಲ. ದೊಡ್ಡ ಮೀನು ಸಿಗದ ನೀರಿನಲ್ಲಿ ಅವನು ಸಣ್ಣ ಕಣ್ಣಿನ ಬಲೆಗೆ ಕೈ ಹಾಕುತ್ತಾನೆ.

ಡ್ಯಾಮಿನ ಕೆಳಗೆ ಹಂಪಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ದೇಶದಲ್ಲೇ ನೀರುನಾಯಿಗೆಂದು ಮಾಡಿದ ಮೊದಲ ಸಂರಕ್ಷಿತ ಪ್ರದೇಶ ಅದು. ನೀರುನಾಯಿಯ ಹೊಟ್ಟೆಪಾಡು ಮೀನು, ಹಾಗಾಗಿ ನದಿಯ ಆರೋಗ್ಯ ಅದರ ಆರೋಗ್ಯವೂ ಹೌದು. ತೋಟೆ ಸಿಡಿಸಿ ಮೀನು ಹಿಡಿಯುವುದು, ಮರಳು ಬಗೆಯುವುದು, ಎರಡೂ ಅದರ ಅನ್ನಕ್ಕೂ ಗೂಡಿಗೂ ಕುತ್ತು.

ಸಂಡೂರಿನದು ಬೇರೆ ಕಥೆ. ತಾರಾನಗರದ ಬಳಿಯ ನಾರಿಹಳ್ಳ ಜಲಾಶಯಕ್ಕೆ ನೀರು ಬರುವುದು ಅದಿರಿನ ಬೆಟ್ಟಗಳ ಸಾಲಿನಿಂದ. ಗಣಿಯ ಸಡಿಲ ಮಣ್ಣು ಮಳೆಗೆ ಜಾರಿ ಹಳ್ಳಕ್ಕಿಳಿದರೆ ತಳದ ಮೊಟ್ಟೆ, ಹುಳ, ಗಿಡ ಎಲ್ಲದರ ಮೇಲೂ ಪದರ ಕೂರುತ್ತದೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಮುಂದೆ ಷರತ್ತುಗಳೊಂದಿಗೆ ಮತ್ತೆ ಶುರುವಾಯಿತು. ಬೆಟ್ಟ, ಕಾಡು, ರಸ್ತೆ, ತೆರಿಗೆ ಎಲ್ಲದರ ಚರ್ಚೆ ಆಯಿತು. ಹಳ್ಳದ ತಳಕ್ಕೆ ಏನಾಯಿತೆಂದು ಕೇಳಿದವರು ಕಡಿಮೆ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ರಾಜ್ಯದ 17 ಕಲುಷಿತ ನದಿಪಾತ್ರಗಳಲ್ಲಿ ತುಂಗಭದ್ರೆಯೂ ಇದೆ. ಆದರೆ ಅದರ ಹೊಣೆ ಯಾರದು? 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಹೊಸಪೇಟೆ, ಹಂಪಿ ಅತ್ತ ಸೇರಿದವು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಎದುರು ದಡ ಕೊಪ್ಪಳದ್ದು, ಡ್ಯಾಮು ತುಂಗಭದ್ರಾ ಮಂಡಳಿಯದ್ದು. ಹೊಣೆ ಹೀಗೆ ಹಂಚಿಹೋದಾಗ ಯಾರೂ ಇಡೀ ನದಿಯ ಲೆಕ್ಕ ಕೊಡಬೇಕಿಲ್ಲ ಎನ್ನುವಂತಾಗುತ್ತದೆ.

ಈ ಅಳತೆಯ ಕೆಲಸ ಮಾಡುವವರು ಇಲ್ಲೇ ಇದ್ದಾರೆ. ತುಂಗಭದ್ರಾ ಮಂಡಳಿಗೆ ತನ್ನದೇ ಮೀನುಗಾರಿಕೆ ವಿಭಾಗವಿದೆ. ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ನಂದಿಹಳ್ಳಿ ಕೇಂದ್ರ ಸಂಡೂರು ತಾಲ್ಲೂಕಿನಲ್ಲೇ ಇದೆ. ಹರಿಗೋಲು ಹಾಕುವವರು ನೀರಿನ ಮೇಲೇ ಇದ್ದಾರೆ, ಅವರಿಗೆ ದಿನಗೂಲಿ ಕೊಟ್ಟು, ಹೆಸರು ದಾಖಲಿಸಿ, ಸಂಶೋಧನೆಯ ಪಾಲುದಾರರೆಂದೇ ಪರಿಗಣಿಸಬೇಕು. ಹಿನ್ನೀರು, ಹಂಪಿಯ ಚಕ್ರತೀರ್ಥ, ಕಂಪ್ಲಿ ಸೇತುವೆ, ನಾರಿಹಳ್ಳ, ಈ ನಾಲ್ಕು ಕಡೆ ವಾರಕ್ಕೊಮ್ಮೆ ನಸುಕಿನಲ್ಲೇ ಅಳೆಯಲಿ. ಮಲೆನಾಡಿನ ಹೊಸನೀರು ಇಳಿದ ಮೇಲೆ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಮೊದಲ ಮಾದರಿ ಜೂನ್‌ಗಿಂತ ಮುಂಚೆ, ನೀರು ತೀರ ತಗ್ಗಿರುವ ಮೇ ತಿಂಗಳಲ್ಲೇ ತೆಗೆಯಬೇಕು.