‘ರ‍್ಯಾಂಕ್’ ಪದಕ್ಕೂ ಒಂದು ಪರೀಕ್ಷೆ

ವಿಜಯನಗರ, ಬಸವೇಶ್ವರನಗರಗಳ ಟ್ಯುಟೋರಿಯಲ್ ಫಲಕಗಳಲ್ಲಿ ‘ರ‍್ಯಾಂಕ್’ ಎಂಬ ಪದಕ್ಕೆ ಬರವಿಲ್ಲ. ಇಡಿಯಾದ ‘ರ’, ಅದರ ಕೆಳಗೆ ಯ ಒತ್ತು. ಬರೆಯುವ ಕೈಗೆ ಇದು ಸಲೀಸು, ಕಂಪ್ಯೂಟರಿಗೆ ಅಲ್ಲ. ಏಕೆಂದರೆ ‘ಸೂರ್ಯ’ದಲ್ಲಿ ಇರುವುದೂ ಇದೇ ರ, ಇದೇ ಯ. ಅಲ್ಲಿ ಮಾತ್ರ ಮೊದಲು ಉಚ್ಚರಿಸುವ ರಕಾರ ಬರವಣಿಗೆಯಲ್ಲಿ ಯಕಾರದ ಬಲಕ್ಕೆ ಅರ್ಕಾವತ್ತಾಗಿ ಕೂರುತ್ತದೆ. ಈ ವ್ಯತ್ಯಾಸ ತಿಳಿಸಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸುತ್ತಾರೆ.

ಅಕ್ಷರಗಳ ಆಕಾರ ಫಾಂಟಿನಲ್ಲಿರುತ್ತದೆ. ಅವನ್ನು ತಕ್ಕ ಕ್ರಮದಲ್ಲಿ ಜೋಡಿಸಲು ಇನ್ನೊಂದು ತಂತ್ರಾಂಶ ಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಮಾಡುವುದು ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶ. ಇದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು.

ತೊಡಕು ಇರುವುದೂ ಇಲ್ಲಿಯೇ. ಕನ್ನಡ, ಮಲಯಾಳ, ಬಂಗಾಳಿ, ದೇವನಾಗರಿ ಮುಂತಾದ ಲಿಪಿಗಳಿಗೆ ಇದರಲ್ಲಿ ಬಹುಪಾಲು ಒಂದೇ ಸಂಕೇತಭಾಗ. ಮಲಯಾಳಕ್ಕೆಂದು ಒಂದು ಸಾಲು ತಿದ್ದಿದರೆ ಕನ್ನಡದ ಒತ್ತಕ್ಷರ ಕೆಡಬಹುದು. ತಿದ್ದಿದವನಿಗೆ ಕನ್ನಡವೇ ಬಾರದಿದ್ದರೆ ಅದು ತಿಳಿಯುವುದಾದರೂ ಹೇಗೆ?

2012ರಲ್ಲಿ ಈ ಭಾಗವನ್ನು ಸಿದ್ಧಗೊಳಿಸುತ್ತಿದ್ದ ಬೆಹ್ದಾದ್ ಎಸ್ಫಾಬೋದ್ ಕಂಡುಕೊಂಡ ಉಪಾಯ, ಪರೀಕ್ಷೆ. ಒಂಬತ್ತೂವರೆ ಲಕ್ಷಕ್ಕೂ ಮಿಕ್ಕ ಕನ್ನಡ ಪದರೂಪಗಳನ್ನು ಹಾರ್ಫ್‌ಬಝ್‌ಗೆ ಕೊಟ್ಟು, ಫಲಿತಾಂಶವನ್ನು ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಕೊಡುವುದರೊಂದಿಗೆ ಹೋಲಿಸಿದರು. ತಿದ್ದುಪಡಿಗಳ ಟಿಪ್ಪಣಿಯಲ್ಲಿ ಎಷ್ಟು ಪದ ತಾಳೆಯಾಗಲಿಲ್ಲ ಎಂಬ ಲೆಕ್ಕವನ್ನೂ ಬರೆದಿಟ್ಟರು. ಕನ್ನಡದಲ್ಲಿ ಆ ಸಂಖ್ಯೆ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ತಾಳೆಯಾಗದ್ದೆಲ್ಲ ಹಾರ್ಫ್‌ಬಝ್‌ನದೇ ತಪ್ಪು ಎಂದಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರವಲ್ಲ, ಮಾದರಿ ಉತ್ತರದಲ್ಲಿಯೂ ತಪ್ಪಿರುವುದುಂಟು.

ಮುಂದೆ ‘ರ‍್ಯ’ದ ಸರದಿಯೂ ಬಂತು. ಕಾಣದ ಆ ಸಂಕೇತವನ್ನು ಕೆಲವು ಹಳೆಯ ಕನ್ನಡ ಕಡತಗಳಲ್ಲಿ ವಿರಾಮಚಿಹ್ನೆಯ ಮೊದಲು ಹಾಕುವ ಬದಲು ನಂತರ ಹಾಕಿದ್ದರು. ಎರಡು ಕ್ರಮಕ್ಕೂ ಒಂದೇ ರೂಪ ಮೂಡುವಂತೆ ಕನ್ನಡಕ್ಕೆಂದೇ ಪ್ರತ್ಯೇಕ ನಿಯಮ ಸೇರಿತು. ಹೀಗೆ ತಿದ್ದಿದ ದೋಷಗಳನ್ನು ಪರೀಕ್ಷೆಗಳಾಗಿ ಉಳಿಸಿಕೊಂಡರೆ ಹಳೆಯ ತಪ್ಪು ಮರಳಿ ನುಸುಳಲಾರದು.

ಆಕರ ಸಂಕೇತ ಎಲ್ಲರಿಗೂ ತೆರೆದಿದೆ ಎಂದಮಾತ್ರಕ್ಕೆ ಅದು ನಿರ್ದೋಷಿಯಾಗದು. ಗುಟ್ಟಿನ ಸಂವಹನ ಕಾಯುವ ‘ಓಪನ್‌ಎಸ್‌ಎಸ್‌ಎಲ್’ ಕೂಡ ಮುಕ್ತ ತಂತ್ರಾಂಶವೇ. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ, ಕೇಳಿದ ಮಾಹಿತಿಯ ಉದ್ದ ಸರಿಯೇ ಎಂದು ನೋಡುವ ಒಂದು ತಪಾಸಣೆ ಬಿಟ್ಟುಹೋಗಿತ್ತು. ಒಂದೊಂದು ಬಾರಿಗೆ 64 ಕಿಲೋಬೈಟ್‌ವರೆಗೆ ಸರ್ವರ್‌ನ ಸ್ಮೃತಿ ಸೋರಬಹುದಾಗಿದ್ದ ಆ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಬಾಗಿಲು ತೆರೆದಿತ್ತು; ಒಳಗೆ ಇಣುಕಿ ನೋಡುವವರು ಸಾಲದಾಗಿದ್ದರು.

ಪರದೆಯ ಮೇಲೆ ಕನ್ನಡದ ಒತ್ತಕ್ಷರ ಒಡೆದು ಕಂಡರೆ ‘ಕಂಪ್ಯೂಟರಿನ ಹಣೆಬರಹ’ ಎಂದು ಕೈಚೆಲ್ಲಬೇಕಿಲ್ಲ. ಯಾವ ಪದ, ಯಾವ ಫಾಂಟು, ಹೇಗಿರಬೇಕಿತ್ತು ಎಂದು ಮೂರು ಸಾಲಿನಲ್ಲಿ ತಿಳಿಸಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಕನ್ನಡ ಬಂದರೆ ಸಾಕು. ಆ ಮೂರು ಸಾಲೇ ಮುಂದಿನ ಪರೀಕ್ಷೆಯ ಪ್ರಶ್ನೆಯಾಗಬಲ್ಲದು.